ಸ್ಟೆಥಾಸ್ಕೋಪಿಗೆ ಕೇಳಿಸದ ಬಾವು: ಮಕ್ಕಳ ಹೃದಯ ತಪಾಸಣೆಯನ್ನು ಶಾಲೆಯಲ್ಲಿ ಮಾಡಿಸುವುದು ಹೇಗೆ

ಶಾಲೆಗೆ ಆರೋಗ್ಯ ತಪಾಸಣೆಯ ಪತ್ರ ಬಂದ ಕೂಡಲೇ ಮೊದಲು ತಾರೀಖು ನೋಡಿ. ಜೂನ್, ಜುಲೈ, ಆಗಸ್ಟ್ ಅಂತ ಇದ್ದರೆ ಬದಲಿಸಿಕೊಡಿ ಎಂದು ಕೇಳಿಕೊಳ್ಳಿ.

ಯಾಕೆ ಅಂತ ಹೇಳುತ್ತೇನೆ. ದಕ್ಷಿಣ ಕೊಡಗಿನ ಒಂದು ಶಾಲೆಯಲ್ಲಿ ನಾನು ಪಾಠ ಮಾಡುತ್ತಿದ್ದಾಗ ಜುಲೈ ತಿಂಗಳಲ್ಲೇ ತಪಾಸಣೆ ಇಟ್ಟರು. ಶೀಟಿನ ಸೂರು. ಬಿಡುವಿಲ್ಲದೆ ಸುರಿಯುವ ಮಳೆ. ಪಕ್ಕದಲ್ಲಿ ನಿಂತವರು ಮಾತಾಡಿದ್ದೂ ಕೇಳುತ್ತಿರಲಿಲ್ಲ. ಆ ಸದ್ದಿನಲ್ಲಿ ಡಾಕ್ಟರ್ ಒಬ್ಬರೇ ಮಧ್ಯಾಹ್ನದ ಊಟದೊಳಗೆ ನೂರಕ್ಕೂ ಜಾಸ್ತಿ ಮಕ್ಕಳ ಎದೆಗೆ ಸ್ಟೆಥಾಸ್ಕೋಪ್ ಇಟ್ಟರು. ಎಲ್ಲರ ಕಾರ್ಡಿನಲ್ಲೂ ಹೃದಯದ ಮುಂದೆ ‘ಸರಿ ಇದೆ’ ಎಂದು ಬಂತು. ಆ ಡಾಕ್ಟರನ್ನು ನಾನು ದೂರುವುದಿಲ್ಲ. ಆ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ.

ಆಮೇಲೆ ತಿಳಿದುಕೊಂಡ ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡಿತು. ಪಿನ್ ಬಿದ್ದರೂ ಕೇಳುವಷ್ಟು ನಿಶ್ಶಬ್ದವಾದ ಕೋಣೆಯಲ್ಲಿ, ಒಳ್ಳೆಯ ಡಾಕ್ಟರ್ ಕಿವಿಗೊಟ್ಟು ಕೇಳಿದರೂ ಹೃದಯದ ಕವಾಟ ಕೆಡಿಸುವ ಈ ಕಾಯಿಲೆ ಎಷ್ಟೋ ಮಕ್ಕಳಲ್ಲಿ ಸಿಗುವುದೇ ಇಲ್ಲ.

ಯಾವ ಕಾಯಿಲೆ ಇದು

ರುಮ್ಯಾಟಿಕ್ ಜ್ವರ ಅಂತ ಹೆಸರು. ಕೀಲು ಜ್ವರ ಎಂದೂ ಹೇಳುತ್ತಾರೆ. 5ರಿಂದ 15 ವರ್ಷದ ಮಕ್ಕಳಲ್ಲೇ ಇದು ಹೆಚ್ಚು. ಶುರುವಾಗುವುದು ಗಂಟಲಿನಿಂದ. ಎ ಗುಂಪಿನ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಗಂಟಲಲ್ಲಿ ಸೋಂಕು ಮಾಡುತ್ತದೆ. ಮೈಯ ರಕ್ಷಣಾ ಪಡೆ ಅದರ ಮೇಲೆ ಯುದ್ಧಕ್ಕೆ ಇಳಿಯುತ್ತದೆ. ಗಂಟಲು ನೋವು ನಾಲ್ಕೈದು ದಿನದಲ್ಲಿ ಹೋಗುತ್ತದೆ. ಆದರೆ ಆ ಬ್ಯಾಕ್ಟೀರಿಯಾದ ಮೈಕಟ್ಟಿಗೂ ನಮ್ಮ ಹೃದಯದ ಅಂಗಾಂಶಕ್ಕೂ ಸ್ವಲ್ಪ ಹೋಲಿಕೆ ಇದೆ. ಹಾಗಾಗಿ ಎರಡು ಮೂರು ವಾರ ಕಳೆದ ಮೇಲೆ, ಅದೇ ರಕ್ಷಣಾ ಪಡೆ ಗುರುತು ತಪ್ಪಿ ಕೀಲುಗಳಿಗೂ ಹೃದಯಕ್ಕೂ ಏಟು ಕೊಡುತ್ತದೆ. ಅಲ್ಲಿ ಬಾವು ಬರುತ್ತದೆ.

ಕೀಲಿನ ಬಾವು ಇಳಿದುಹೋಗುತ್ತದೆ, ಗುರುತೂ ಉಳಿಯುವುದಿಲ್ಲ. ಹೃದಯದ ಕವಾಟದ ಬಾವು ಹಾಗಲ್ಲ. ಅದು ಗಾಯದ ಕಲೆ ಬಿಟ್ಟು ಹೋಗುತ್ತದೆ. ಎಡಭಾಗದ ಮೈಟ್ರಲ್ ಕವಾಟಕ್ಕೇ ಏಟು ಬೀಳುವುದು ಹೆಚ್ಚು. ಮತ್ತೆ ಗಂಟಲು ಸೋಂಕು ಬಂದರೆ ಮತ್ತೆ ಬಾವು, ಮತ್ತೆ ಕಲೆ. ಹೀಗೆ ವರ್ಷಗಟ್ಟಲೆ ನಡೆದು ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ. ಇಲ್ಲವೇ ದಪ್ಪಗಾಗಿ, ಅಂಟಿಕೊಂಡು, ಬಾಗಿಲು ಕಿರಿದಾಗುತ್ತದೆ. ಇದೇ ರುಮ್ಯಾಟಿಕ್ ಹೃದಯ ರೋಗ.

ಸೋರುವ ರಕ್ತ ಸ್ವಲ್ಪವೇ ಇದ್ದಾಗ ಸದ್ದು ಬರುವುದಿಲ್ಲ. ಮಗುವಿಗೆ ಸುಸ್ತಿಲ್ಲ, ಎದೆನೋವಿಲ್ಲ. ಕಿವಿಗೆ ಸಿಗದ ಈ ಸೋರಿಕೆ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ಕಣ್ಣಿಗೆ ಕಾಣುತ್ತದೆ. ಹರಿಯಾಣದ ಬಲ್ಲಭಗಢದಲ್ಲಿ 6270 ಶಾಲಾಮಕ್ಕಳನ್ನು ಎರಡೂ ರೀತಿಯಲ್ಲಿ ಪರೀಕ್ಷಿಸಿದರು. 2011ರಲ್ಲಿ ಅದರ ಲೆಕ್ಕ ಹೊರಬಂತು. ಸ್ಟೆಥಾಸ್ಕೋಪಿಗೆ ಸಿಕ್ಕಿದ್ದು ಸಾವಿರಕ್ಕೆ 0.8. ಎಕೋಗೆ ಸಿಕ್ಕಿದ್ದು ಸಾವಿರಕ್ಕೆ 20.4. ಅದಕ್ಕೂ ಮೊದಲು, 2007ರಲ್ಲಿ, ಕಾಂಬೋಡಿಯಾ ಮತ್ತು ಮೊಜಾಂಬಿಕ್ ದೇಶಗಳ ಶಾಲೆಗಳಿಂದಲೂ ಇಂಥದ್ದೇ ಲೆಕ್ಕ ಬಂದಿತ್ತು. ಅಲ್ಲೂ ಎಕೋ ಸುಮಾರು ಹತ್ತು ಪಟ್ಟು ಜಾಸ್ತಿ ಮಕ್ಕಳನ್ನು ಹಿಡಿಯಿತು. ರುಮ್ಯಾಟಿಕ್ ಜ್ವರ ಗುರುತಿಸಲು ವೈದ್ಯರು ಬಳಸುವ ಜೋನ್ಸ್ ಮಾನದಂಡ 1944ರದು. 2015ರ ಪರಿಷ್ಕರಣೆಯಲ್ಲಿ, ಕಿವಿಗೆ ಕೇಳದೆ ಎಕೋದಲ್ಲಿ ಮಾತ್ರ ಕಾಣುವ ಹೃದಯದ ಬಾವನ್ನೂ ಮುಖ್ಯ ಲಕ್ಷಣ ಎಂದು ಅದರಲ್ಲಿ ಸೇರಿಸಿದರು.

ಹಾಗಾದರೆ ಎಕೋ ಯಂತ್ರ ತರಿಸಿಬಿಡೋಣ ಅಂತ ಅನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ.

1. ಯಂತ್ರಕ್ಕಿಂತ ಮೊದಲು ಇಂಜೆಕ್ಷನ್ ಕೇಳಿ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಾಯಿಲೆ ಪತ್ತೆ ಮಾಡಿ ಸುಮ್ನೆ ಬಿಟ್ಟರೆ ಆ ಮಗುವಿಗೆ ಭಯ ಕೊಟ್ಟದ್ದಷ್ಟೇ ಆಗುತ್ತದೆ. ಪತ್ತೆಯಾದ ಮಗುವಿಗೆ ಬೇಕಾದದ್ದು ಮತ್ತೆ ಗಂಟಲು ಸೋಂಕು ಆಗದಂತೆ ತಡೆಯುವ ಔಷಧ. ಅದು ಬೆಂಜಥೀನ್ ಪೆನಿಸಿಲಿನ್. ವರ್ಷಗಟ್ಟಲೆ, ದಿನ ತಪ್ಪದೆ ಕೊಡಬೇಕಾದ ಹಳೆಯ, ಅಗ್ಗದ ಇಂಜೆಕ್ಷನ್.

ಕಾಯಿಲೆ ಗುಟ್ಟಾಗಿರುವ ಹಂತದಲ್ಲೂ ಈ ಇಂಜೆಕ್ಷನ್ ಕೆಲಸ ಮಾಡುತ್ತದೆಯೇ ಎಂಬ ಅನುಮಾನ ಬಹಳ ಕಾಲ ಇತ್ತು. ಉಗಾಂಡಾದಲ್ಲಿ 818 ಮಕ್ಕಳ ಮೇಲೆ ನಡೆದ ಅಧ್ಯಯನ ಅದಕ್ಕೆ ಉತ್ತರ ಕೊಟ್ಟಿತು. 2021ರಲ್ಲಿ ಫಲಿತಾಂಶ ಬಂತು. ಎರಡು ವರ್ಷ, ನಾಲ್ಕು ವಾರಕ್ಕೊಮ್ಮೆ ಇಂಜೆಕ್ಷನ್ ಪಡೆದ ಮಕ್ಕಳಲ್ಲಿ ಕವಾಟ ಇನ್ನಷ್ಟು ಕೆಟ್ಟದ್ದು 3 ಮಕ್ಕಳಿಗೆ, ನೂರಕ್ಕೆ 0.8. ಇಂಜೆಕ್ಷನ್ ಪಡೆಯದ ಗುಂಪಿನಲ್ಲಿ 33 ಮಕ್ಕಳಿಗೆ, ನೂರಕ್ಕೆ 8ರಷ್ಟು. ಈ ಅಂಕಿ ಓದಿದ ಮೇಲೆ ನನಗೆ ಶಾಲಾ ತಪಾಸಣೆಯ ಮೇಲೆ ನಿಜವಾದ ನಂಬಿಕೆ ಬಂತು.

ಆದ್ದರಿಂದ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಮೂರು ಪ್ರಶ್ನೆ ಕೇಳಿ. ಬೆಂಜಥೀನ್ ಪೆನಿಸಿಲಿನ್ ಇಲ್ಲಿ ಇದೆಯೇ? ಇಲ್ಲದಿದ್ದರೆ ತರಿಸಿ ಇಡುತ್ತೀರಾ? ಕೊಡುವವರು ಯಾರು, ಯಾವ ಯಾವ ದಿನ ಇರುತ್ತಾರೆ? ಪೆನಿಸಿಲಿನ್ ಅಲರ್ಜಿಯ ಭಯಕ್ಕೆ ಕೆಲವರು ಈ ಇಂಜೆಕ್ಷನ್ ಕೊಡಲು ಹಿಂಜರಿಯುತ್ತಾರೆ. ತೀವ್ರ ಅಲರ್ಜಿ ಅಪರೂಪ. ಆದರೂ ಎಚ್ಚರ ಬೇಕು. ತೀವ್ರ ಅಲರ್ಜಿಗೆ ಕೂಡಲೇ ಕೊಡುವ ಔಷಧ ಅಡ್ರಿನಲಿನ್ ಕೈಗೆ ಸಿಗುವಂತಿರುವ ಆಸ್ಪತ್ರೆಯಲ್ಲೇ ಕೊಡಬೇಕು, ಕೊಟ್ಟ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಬೇಕು. ಕೊಡಲು ಒಪ್ಪುವವರು ಹತ್ತಿರದಲ್ಲಿ ಇಲ್ಲದಿದ್ದರೆ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಇದು ಗೊತ್ತಾಗದೆ ಮುಂದಿನ ಹೆಜ್ಜೆ ಇಡಬೇಡಿ.

2. ಯಾರನ್ನು ಕೇಳಬೇಕು, ಯಾವಾಗ ಮಾಡಿಸಬೇಕು

ಸರ್ಕಾರಿ ದಾರಿ ಈಗಾಗಲೇ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಆರ್‌ಬಿಎಸ್‌ಕೆ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ ಇರುವುದು. ಅದರ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಬರಬೇಕು. ಅವರು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲೇ ರುಮ್ಯಾಟಿಕ್ ಹೃದಯ ರೋಗದ ಹೆಸರಿದೆ. ಹುಟ್ಟಿನಿಂದ ಬರುವ ಹೃದಯದ ದೋಷವೂ ಇದೆ. ಅಂದರೆ ನೀವು ಕೇಳುತ್ತಿರುವುದು ಹೊಸ ಉಪಕಾರವಲ್ಲ.

ಆದರೆ ಆ ತಂಡ ಎಕೋ ಯಂತ್ರ ಹೊತ್ತು ತರುವುದಿಲ್ಲ. ಅದಕ್ಕೆ ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಒಂದು ನಿರ್ಣಯ ಬರೆದು, ತಾಲೂಕು ಆರೋಗ್ಯಾಧಿಕಾರಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗೂ ಕೊಡಿ. ಅದರ ಒಂದು ಪ್ರತಿಯನ್ನು ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಗೂ ಕೊಡಿ. ಅಕ್ಕಪಕ್ಕದ ನಾಲ್ಕೈದು ಶಾಲೆಗಳು ಸೇರಿ ಕೇಳಿದರೆ ಒಳ್ಳೆಯದು. ಒಂದು ಶಾಲೆಯ 80 ಮಕ್ಕಳಿಗಾಗಿ ಯಂತ್ರವೂ ತಜ್ಞರೂ ಬೆಟ್ಟ ಹತ್ತಿ ಬರುವುದು ಕಷ್ಟ. 400 ಮಕ್ಕಳು ಅಂದರೆ ಮಾತು ಬೇರೆ. ಈಗ ಬ್ಯಾಗಿನಲ್ಲಿ ಹಿಡಿಯುವ ಪುಟ್ಟ ಎಕೋ ಯಂತ್ರಗಳಿವೆ. ತರಬೇತಿ ಪಡೆದ ನರ್ಸ್‌ಗಳೇ ಮೊದಲ ಸುತ್ತಿನ ತಪಾಸಣೆ ಮಾಡುವ ಪದ್ಧತಿ ಕೆಲವು ದೇಶಗಳಲ್ಲಿ ನಡೆಯುತ್ತಿದೆ. ಈ ಎರಡು ವಿಷಯವನ್ನು ಪತ್ರದಲ್ಲಿ ಬರೆಯಿರಿ.

ತಾರೀಖಿನ ವಿಷಯಕ್ಕೆ ಮತ್ತೆ ಬರುತ್ತೇನೆ. ನಮ್ಮಲ್ಲಿ ಸರಿಯಾದ ಸಮಯ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ, ಕಾಫಿ ಕುಯ್ಲು ಶುರುವಾಗುವ ಮೊದಲು. ದಸರಾ ರಜೆ ಬಿಟ್ಟರೆ ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ. ಆಗ ಸೂರಿನ ಸದ್ದು ಕಡಿಮೆ, ಕರೆಂಟು ಅಷ್ಟು ಹೋಗುವುದಿಲ್ಲ, ರಸ್ತೆ ತೆರೆದಿರುತ್ತದೆ. ಕುಯ್ಲು ಶುರುವಾದರೆ ತೋಟದ ಲೈನ್ ಮನೆಗಳ, ಅಂದರೆ ಕೂಲಿಯವರ ಸಾಲು ಮನೆಗಳ, ಮಕ್ಕಳು ಶಾಲೆ ತಪ್ಪಿಸುತ್ತಾರೆ. ದೊಡ್ಡ ಮಕ್ಕಳು ಚಿಕ್ಕವರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ. ತಪಾಸಣೆ ಯಾರಿಗೆ ಹೆಚ್ಚು ಬೇಕೋ ಅವರೇ ಅವತ್ತು ಇರುವುದಿಲ್ಲ. ಇನ್ನೊಂದು ಲಾಭವೂ ಇದೆ. ಮಳೆಗಾಲದಲ್ಲಿ ಒಂದೇ ಕೋಣೆಯಲ್ಲಿ ಏಳೆಂಟು ಜನ ಒಲೆಯ ಸುತ್ತ ಮಲಗುವಾಗ ಹರಡಿದ ಗಂಟಲು ಸೋಂಕಿನ ಪರಿಣಾಮವನ್ನೂ ಆಗ ನೋಡಬಹುದು. ಈ ಕಾಯಿಲೆ ಇಕ್ಕಟ್ಟಿನ ಮನೆಗಳನ್ನೇ ಹುಡುಕಿಕೊಂಡು ಹೋಗುತ್ತದೆ.

ಯಂತ್ರ ಒಂದೇ ದಿನ ಸಿಗುವುದಾದರೆ 5ರಿಂದ 10ನೇ ತರಗತಿಯ ಮಕ್ಕಳನ್ನು ಮೊದಲು ಕೂರಿಸಿ. ವಯಸ್ಸು ಏರಿದಂತೆ ಈ ಗುಟ್ಟಾದ ಕಾಯಿಲೆ ಸಿಗುವ ಪ್ರಮಾಣವೂ ಏರುತ್ತದೆ. ಆದಿವಾಸಿಗಳ ಹಾಡಿಗಳ ಹತ್ತಿರದ ಆಶ್ರಮ ಶಾಲೆ ಮತ್ತು ಹಾಸ್ಟೆಲ್ ಮಕ್ಕಳನ್ನು ಯಾವ ಕಾರಣಕ್ಕೂ ಬಿಡಬೇಡಿ.

3. ಮನೆಯವರಿಗೆ ಹೇಳುವುದು

ಒಪ್ಪಿಗೆ ಪತ್ರ ಕಳಿಸಿ ಸಹಿ ತರಿಸಿದರೆ ಸಾಲದು. ಓದಿ ಹೇಳಬೇಕು. ನಮ್ಮ ತರಗತಿಗಳಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಮಾತಾಡುವ ಮನೆಗಳ ಮಕ್ಕಳಿದ್ದಾರೆ. ಈಗ ಅಸ್ಸಾಂ, ಬಂಗಾಳದಿಂದ ತೋಟಕ್ಕೆ ಬಂದವರ ಮಕ್ಕಳೂ ಇದ್ದಾರೆ. ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಸಂಜೆ ಲೈನಿಗೆ ಹೋಗಿ. ಹತ್ತು ನಿಮಿಷ ಸಾಕು.

ಏನು ಹೇಳಬೇಕು? ಎಕೋ ಅಂದರೆ ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್ ಇದ್ದ ಹಾಗೆ. ಸೂಜಿ ಇಲ್ಲ, ನೋವಿಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ಎದೆಗೆ ತಣ್ಣಗಿನ ಜೆಲ್ ಹಚ್ಚುತ್ತಾರೆ. ಹೆಣ್ಣುಮಕ್ಕಳನ್ನು ಪರದೆಯ ಹಿಂದೆ, ಹೆಂಗಸರ ಎದುರೇ ನೋಡುತ್ತಾರೆ. ಏನಾದರೂ ಕಂಡರೆ ಅದನ್ನು ನಿಮಗೆ ಮಾತ್ರ ಹೇಳುತ್ತೇವೆ. ಈ ಕೊನೆಯ ಮಾತನ್ನು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು.

4. ಮೇಷ್ಟ್ರು, ಟೀಚರ್ ಕೈಯಲ್ಲಿರುವ ಪಟ್ಟಿ

ಎಕೋ ವರ್ಷಕ್ಕೆ ಒಂದು ದಿನ ಬರಬಹುದು. ನೀವು ಮಗುವನ್ನು 200ಕ್ಕೂ ಹೆಚ್ಚು ದಿನ ನೋಡುತ್ತೀರಿ. ಒಂದು ಹಳೆಯ ನೋಟ್‌ಬುಕ್ ಇದಕ್ಕೇ ಇಡಿ.

ಆರನೇ ತರಗತಿಯಲ್ಲಿ ನನ್ನ ಹತ್ತಿರ ಒಬ್ಬಳು ಹುಡುಗಿ ಇದ್ದಳು. ತೋಟದ ಲೈನಿನಿಂದ ಎರಡು ಕಿಲೋಮೀಟರ್ ನಡೆದು ಬರುತ್ತಿದ್ದಳು. ಖೋ ಖೋದಲ್ಲಿ ಅವಳನ್ನು ಹಿಡಿಯಲು ಯಾರಿಗೂ ಆಗುತ್ತಿರಲಿಲ್ಲ. ಕಕ್ಕಡ ತಿಂಗಳ ಮಳೆಯಲ್ಲಿ ಒಂದು ದಿನ ಮೊಣಕಾಲು ನೋವು ಎಂದಳು. ಊದಿಕೊಂಡಿತ್ತು. ಎರಡು ದಿನ ಬಿಟ್ಟು ಪಾದದ ಗಂಟು ಎಂದಳು. ‘ಮಳೆಗೆ ಹೀಗೇ ಆಗುತ್ತದೆ, ಬೆಚ್ಚಗೆ ಇಟ್ಟುಕೋ’ ಎಂದು ನಾನು ಹೇಳಿದೆ. ಅಂಗಡಿಯ ನೋವಿನ ಮಾತ್ರೆ ನುಂಗಿ ನಾಲ್ಕನೇ ದಿನ ಮತ್ತೆ ಓಡಾಡಿದಳು. ನಾನೂ ಮರೆತೆ. ಹತ್ತು ವರ್ಷದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು, ಕಂಕುಳಲ್ಲಿ ಮಗು. ಬಸುರಿಯಾಗಿದ್ದಾಗ ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತಿತ್ತಂತೆ. ಹೃದಯದ ಕವಾಟ ಕಿರಿದಾಗಿದೆ ಎಂದು ಆಗ ಗೊತ್ತಾಯಿತಂತೆ. ಬಲೂನ್ ಹಾಕಿ ಅಗಲ ಮಾಡಿದರಂತೆ. ‘ನಾನು ಚಿಕ್ಕವಳಿದ್ದಾಗ ಕಾಲು ನೋವು ಬಂದಿತ್ತಲ್ಲ ಟೀಚರ್, ಅದೇ ಅಂತೆ’ ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅದಕ್ಕೇ ನೋಟ್‌ಬುಕ್ಕಿನಲ್ಲಿ ಮೊದಲು ಬರೆಯಬೇಕಾದದ್ದು ಜಾಗ ಬದಲಿಸುವ ಕೀಲು ನೋವು. ಇವತ್ತು ಮೊಣಕಾಲು, ನಾಳಿದ್ದು ಪಾದದ ಗಂಟು, ಆಮೇಲೆ ಮೊಣಕೈ. ಜೊತೆಗೆ ಜ್ವರ ಅಥವಾ ಊತ. ಒಂದೇ ಕೀಲು ಊದಿಕೊಂಡರೂ ಬರೆಯಿರಿ. ನೋವಿನ ಮಾತ್ರೆಗೆ ಇದು ಬೇಗ ಇಳಿಯುತ್ತದೆ, ಅದರಿಂದಲೇ ಎಲ್ಲರೂ ಮೋಸ ಹೋಗುತ್ತೇವೆ. ಬೆಳೆಯುವ ವಯಸ್ಸಿನ ಸಾದಾ ಕಾಲುನೋವು ಬೇರೆ. ಅದು ರಾತ್ರಿ ಮೀನಖಂಡದಲ್ಲಿ ಬರುತ್ತದೆ, ಊತ ಇರುವುದಿಲ್ಲ, ಬೆಳಗ್ಗೆ ಮಗು ಎಂದಿನಂತೆ ಓಡುತ್ತದೆ.

ಎರಡನೆಯದು ಅಕ್ಷರ. ದುಂಡಗೆ ಬರೆಯುತ್ತಿದ್ದ ಮಗುವಿನ ಅಕ್ಷರ ಕೆಲವೇ ವಾರದಲ್ಲಿ ಕೆಟ್ಟರೆ ಬೈಯಬೇಡಿ. ಕೈಯಿಂದ ಲೋಟ ಬೀಳುತ್ತಿದೆಯೇ, ಮುಖ ತಾನಾಗಿ ಸಿಂಡರಿಸುತ್ತದೆಯೇ, ಕೈಕಾಲು ಸುಮ್ಮನಿರದೆ ಕುಣಿಯುತ್ತವೆಯೇ, ಕಾರಣವಿಲ್ಲದೆ ಅಳುತ್ತದೆಯೇ ನೋಡಿ. ಇದನ್ನು ಕೊರಿಯಾ (chorea) ಎನ್ನುತ್ತಾರೆ. ರುಮ್ಯಾಟಿಕ್ ಜ್ವರದ್ದೇ ಇನ್ನೊಂದು ರೂಪ. ಹೆಣ್ಣುಮಕ್ಕಳಲ್ಲಿ ಹೆಚ್ಚು. ಗಂಟಲು ನೋವು ಬಂದುಹೋಗಿ ತಿಂಗಳುಗಳೇ ಕಳೆದ ಮೇಲೂ ಬರಬಹುದು. ಎಷ್ಟೋ ಮಕ್ಕಳು ಇದಕ್ಕೆ ಶಿಕ್ಷೆ ತಿಂದಿದ್ದಾರೆ ಎಂದು ನೆನೆದರೆ ಸಂಕಟವಾಗುತ್ತದೆ.

ಆಟದಲ್ಲಿ ಹಿಂದೆ ಬೀಳುವವರನ್ನೂ ಬರೆಯಿರಿ. ಹಾಕಿ ಸ್ಟಿಕ್ ಹಿಡಿದೇ ಬೆಳೆಯುವ ಊರು ನಮ್ಮದು. ಕಳೆದ ವರ್ಷ ಇಡೀ ಮೈದಾನ ಓಡುತ್ತಿದ್ದವನು ಈ ವರ್ಷ ಗೋಲ್ ಹತ್ತಿರ ನಿಲ್ಲುತ್ತೇನೆ ಎನ್ನುತ್ತಾನೆ ಎಂದರೆ ಯಾಕೆ ಎಂದು ಕೇಳಿ. ತಾಯಿಗೋ ಅಣ್ಣನಿಗೋ ಹೃದಯದ ಕವಾಟದ ತೊಂದರೆ ಇದ್ದರೆ ಅದನ್ನೂ ಸೇರಿಸಿ.

ಮನೆಯವರು ಮಾಡಬಹುದಾದ ಒಂದು ಸಣ್ಣ ಕೆಲಸ ಇದೆ. ಕೀಲು ನೋವು ಬಂದ ಮಗು ರಾತ್ರಿ ಗಾಢವಾಗಿ ಮಲಗಿದ ಮೇಲೆ ಮಣಿಕಟ್ಟು ಹಿಡಿದು ಒಂದು ಪೂರ್ತಿ ನಿಮಿಷ ನಾಡಿ ಎಣಿಸಿ. ಜ್ವರ ಇಲ್ಲದೆ, ನಿದ್ದೆಯಲ್ಲೂ 100 ದಾಟುತ್ತಿದ್ದರೆ ಆ ಸಂಖ್ಯೆ ಬರೆದುಕೊಂಡು ಮರುದಿನವೇ ಡಾಕ್ಟರಿಗೆ ತೋರಿಸಿ. ಬಾವು ಬಂದ ಹೃದಯ ನಿದ್ದೆಯಲ್ಲೂ ಜೋರಾಗಿ ಓಡುತ್ತದೆ.

ತಪಾಸಣೆಯ ದಿನಕ್ಕೆ ಕಾಯಬಾರದ ಮಕ್ಕಳೂ ಇದ್ದಾರೆ. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವವರು, ಕಾಲು ಊದಿಕೊಂಡವರು, ಆಡುವಾಗ ಪ್ರಜ್ಞೆ ತಪ್ಪಿ ಬಿದ್ದವರು. ಸಾದಾ ವೈರಸ್ ಜ್ವರವಾದ ಕೆಲವೇ ದಿನಕ್ಕೆ ಏದುಸಿರು, ವಿಪರೀತ ಸುಸ್ತು, ಬಿಳಿಚಿದ ಮುಖ ಕಂಡರೆ ಅದು ಹೃದಯದ ಸ್ನಾಯುವಿನ ಬಾವು ಇರಬಹುದು. ಇದು ಬೇರೆ ಕಾಯಿಲೆ, ಬಹಳ ಬೇಗ ಕೆಡುತ್ತದೆ. ಇವರಿಗೆಲ್ಲ 108ಕ್ಕೆ ಕರೆ ಮಾಡಿ, ಅವತ್ತೇ ಆಸ್ಪತ್ರೆ.

5. ತಪಾಸಣೆಯ ದಿನ

ಶಾಲೆಯಲ್ಲೇ ಅತ್ಯಂತ ಸದ್ದು ಕಡಿಮೆ ಇರುವ ಕೋಣೆ ಕೊಡಿ, ಅಡುಗೆ ಕೋಣೆಯ ಪಕ್ಕದ್ದು ಬೇಡ. ಯಂತ್ರದ ಪರದೆ ಚೆನ್ನಾಗಿ ಕಾಣಲು ಕಿಟಕಿಗೆ ಬಟ್ಟೆ ಕಟ್ಟಿ. ಎರಡು ಬೆಂಚು ಜೋಡಿಸಿ ಮೇಲೆ ದಪ್ಪ ಕಂಬಳಿ ಹಾಸಿ. ಮಗು ಎಡಮಗ್ಗುಲಿಗೆ ಮಲಗಬೇಕು. ಪ್ಲಗ್ ಪಾಯಿಂಟ್ ಹಿಂದಿನ ದಿನವೇ ಪರೀಕ್ಷಿಸಿ. ಮುಂದೆ ಗುಂಡಿ ಇರುವ ಸಡಿಲ ಅಂಗಿ ಹಾಕಿ ಬರಲು ಹೇಳಿ.

ಒಂದು ಮಗುವಿಗೆ 5 ನಿಮಿಷ ಹಿಡಿಯಿರಿ. ಗಂಟೆಗೆ 12, ಐದು ಗಂಟೆಗೆ 60. ಇದಕ್ಕಿಂತ ಜಾಸ್ತಿ ಮಕ್ಕಳನ್ನು ತುರುಕಬೇಡಿ. ಸಾಲಿನಲ್ಲಿ ನಿಲ್ಲಿಸದೆ, ತರಗತಿಯಿಂದ ನಾಲ್ಕು ನಾಲ್ಕು ಮಕ್ಕಳನ್ನು ಕರೆಸಿ. ನಿಮ್ಮ ನೋಟ್‌ಬುಕ್ಕನ್ನು ಡಾಕ್ಟರ ಕೈಗೆ ಬೆಳಗ್ಗೆಯೇ ಕೊಡಿ, ಮಧ್ಯಾಹ್ನ ಅವರು ದಣಿದ ಮೇಲೆ ಅಲ್ಲ. ಗೈರಾದ ಮಕ್ಕಳ ಹೆಸರು ಬೇರೆ ಬರೆದಿಡಿ.

6. ಏನಾದರೂ ಕಂಡಾಗ

ಶಾಲೆಯ ಎಕೋ ತೀರ್ಪಲ್ಲ. ಅದು ಬರೀ ಸೋಸುವ ಜರಡಿ. ಅನುಮಾನ ಬಂದ ಮಗುವನ್ನು ದೊಡ್ಡ ಯಂತ್ರದಲ್ಲಿ ಹೃದಯ ತಜ್ಞರು ಮತ್ತೆ ನೋಡಬೇಕು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಿಂದ ಕಳಿಸುವ ಪತ್ರ ಪಡೆದು ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗಬಹುದು. ಆರ್‌ಬಿಎಸ್‌ಕೆ ಕಾರ್ಡು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು, ರೇಷನ್ ಕಾರ್ಡು, ಆಧಾರ್ ಎಲ್ಲದರ ಪ್ರತಿ ಒಂದು ಕವರಿನಲ್ಲಿ ಹಾಕಿಕೊಡಿ. ದಿನಗೂಲಿಯವರಿಗೆ ಮೈಸೂರಿಗೆ ಹೋಗಿ ಬರುವುದು ಅಂದರೆ ಒಂದು ದಿನದ ಸಂಬಳ ಹೋದ ಹಾಗೆ. ಕಾಗದ ಇಲ್ಲವೆಂದು ಎರಡನೇ ಸಲ ಓಡಾಡಿಸಿದರೆ ಮೂರನೇ ಸಲ ಅವರು ಹೋಗುವುದಿಲ್ಲ.

2012ರಲ್ಲಿ ವಿಶ್ವ ಹೃದಯ ಒಕ್ಕೂಟ ಎಕೋ ಓದಲು ಮಾನದಂಡ ಕೊಟ್ಟಿತು, 2023ರಲ್ಲಿ ಅದನ್ನು ಪರಿಷ್ಕರಿಸಿತು. ಈಗ ಎ, ಬಿ, ಸಿ, ಡಿ ಎಂದು ನಾಲ್ಕು ಹಂತ. ಎ ಅಂದರೆ ತೀರಾ ಆರಂಭದ ಬದಲಾವಣೆ, ಡಿ ಅಂದರೆ ತೊಡಕುಗಳು ಬಂದಾಗಿರುವ ಹಂತ. ನಿಮ್ಮ ಮಗುವಿನ ಹಂತ ಯಾವುದು ಎಂದು ಕೇಳಿ ಬರೆಸಿಕೊಳ್ಳಿ. ಆರಂಭದ ಹಂತದ ಎಷ್ಟೋ ಮಕ್ಕಳ ಕವಾಟ ಮುಂದಿನ ಎಕೋದಲ್ಲಿ ಸಹಜವಾಗಿಯೇ ಕಾಣುತ್ತದೆ. ಇದನ್ನು ತಾಯಿತಂದೆಗೆ ಮೊದಲ ದಿನವೇ ಹೇಳಬೇಕು.

ಒಂದು ತಪ್ಪಿನ ಬಗ್ಗೆ ಎಚ್ಚರಿಸುತ್ತೇನೆ. ಎಎಸ್‌ಒ ಎಂಬ ರಕ್ತ ಪರೀಕ್ಷೆ ಜಾಸ್ತಿ ಬಂತೆಂದು ಮಾತ್ರ ಮಗುವಿಗೆ ಹೃದಯದ ಕಾಯಿಲೆ ಎಂದು ಹಣೆಪಟ್ಟಿ ಕಟ್ಟಬಾರದು. ಹಿಂದೆ ಯಾವಾಗಲೋ ಸ್ಟ್ರೆಪ್ ಸೋಂಕು ಆಗಿತ್ತು ಎನ್ನುವುದಷ್ಟೇ ಅದರ ಅರ್ಥ. ಆರೋಗ್ಯವಂತ ಮಕ್ಕಳಲ್ಲೂ ಅದು ಜಾಸ್ತಿ ಇರಬಹುದು.

ಹೇಳುವ ರೀತಿ ಬಹಳ ಮುಖ್ಯ. ಫೋನಿನಲ್ಲಿ ಹೇಳಬೇಡಿ. ಮಗುವಿನ ಕೈಯಲ್ಲಿ ಚೀಟಿ ಕಳಿಸಬೇಡಿ. ಸಿಬ್ಬಂದಿ ಕೋಣೆಯಲ್ಲಿ ಚರ್ಚಿಸಬೇಡಿ. ಹೆಣ್ಣುಮಗುವಿಗೆ ‘ಹಾರ್ಟ್ ಪ್ರಾಬ್ಲಂ’ ಎಂಬ ಮಾತು ಲೈನಿನಲ್ಲಿ ಒಮ್ಮೆ ಹರಡಿದರೆ ಮದುವೆಯ ವಯಸ್ಸಿನವರೆಗೂ ಹಿಂದೆಯೇ ಬರುತ್ತದೆ. ಮತ್ತೆ, ಡಾಕ್ಟರ್ ಹೇಳದೆ ಆಟ ನಿಲ್ಲಿಸಬೇಡಿ. ಸಣ್ಣ ಸೋರಿಕೆ ಇರುವ ಮಕ್ಕಳು ಸಾಮಾನ್ಯವಾಗಿ ಎಲ್ಲರಂತೆ ಆಡಬಹುದು. ಅವರನ್ನು ಮೈದಾನದ ಅಂಚಿನಲ್ಲಿ ಕೂರಿಸಿದರೆ ನಾವೇ ಅವರನ್ನು ರೋಗಿ ಮಾಡಿದ ಹಾಗೆ.

7. ಮೂರು ವಾರ, ಅದೇ ವಾರ

ಇಂಜೆಕ್ಷನ್ ಬೇಕೇ, ಎಷ್ಟು ವರ್ಷ ಎಂದು ನಿರ್ಧರಿಸುವವರು ಹೃದಯ ತಜ್ಞರು. ನಮ್ಮ ದೇಶದ ಮಕ್ಕಳ ವೈದ್ಯರ ಸಾಮಾನ್ಯ ಪದ್ಧತಿ ಹೀಗಿದೆ: 27 ಕೆಜಿಗಿಂತ ಹೆಚ್ಚು ತೂಕದ ಮಗುವಿಗೆ 12 ಲಕ್ಷ ಯೂನಿಟ್, 21 ದಿನಕ್ಕೊಮ್ಮೆ. ಅದಕ್ಕಿಂತ ಕಡಿಮೆ ತೂಕವಿದ್ದರೆ 6 ಲಕ್ಷ, 15 ದಿನಕ್ಕೊಮ್ಮೆ. ಹೃದಯಕ್ಕೆ ಏಟು ಬೀಳದೆ ರುಮ್ಯಾಟಿಕ್ ಜ್ವರ ಮಾತ್ರ ಬಂದಿದ್ದರೆ 5 ವರ್ಷ ಅಥವಾ 18 ತುಂಬುವವರೆಗೆ, ಯಾವುದು ದೀರ್ಘವೋ ಅದು. ಹೃದಯಕ್ಕೆ ತಗುಲಿದ್ದರೆ ಇನ್ನೂ ಜಾಸ್ತಿ ವರ್ಷ. ಎಕೋದಲ್ಲಿ ಮಾತ್ರ ಕಂಡ ಸಣ್ಣ ಬದಲಾವಣೆಗೆ ಅವಧಿ ಕಡಿಮೆ ಇರಬಹುದು. ಪೆನಿಸಿಲಿನ್ ಆಗದವರಿಗೆ ಮತ್ತು ಕವಾಟ ತುಂಬಾ ಹಾಳಾದವರಿಗೆ ಮಾತ್ರೆಯ ದಾರಿ ಇದೆ.

21 ದಿನ ಅಂದರೆ ಸರಿಯಾಗಿ ಮೂರು ವಾರ. ಮೊದಲ ಸಲ ಬುಧವಾರ ಕೊಟ್ಟರೆ ಯಾವಾಗಲೂ ಬುಧವಾರವೇ ಬರುತ್ತದೆ. ಇದನ್ನೇ ಉಪಯೋಗಿಸಿಕೊಳ್ಳಿ. ನಿಮ್ಮ ಊರಿನ ಸಂತೆಯ ದಿನವನ್ನೇ ಇಂಜೆಕ್ಷನ್ನಿನ ದಿನ ಮಾಡಿ. ಅವತ್ತು ತೋಟದ ಜೀಪು ಹೇಗೂ ಪೇಟೆಗೆ ಇಳಿಯುತ್ತದೆ, ಮನೆಯವರೂ ಬರುತ್ತಾರೆ. ಸಂತೆ ಭಾನುವಾರ ಇದ್ದರೆ ಮಾತ್ರ ಬೇರೆ ದಿನ ನೋಡಿ, ಅವತ್ತು ಆರೋಗ್ಯ ಕೇಂದ್ರದಲ್ಲಿ ಕೊಡುವವರು ಇರುವುದಿಲ್ಲ. ಮಗುವಿನ ಮನೆಯ ಕ್ಯಾಲೆಂಡರಿನಲ್ಲಿ ವರ್ಷದ ಎಲ್ಲ ದಿನಗಳನ್ನೂ ಒಂದೇ ಸಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ವರ್ಷಕ್ಕೆ 17 ಅಥವಾ 18 ಗುರುತು ಬರುತ್ತವೆ.

ಮಳೆಗಾಲಕ್ಕೆ ಒಂದು ನಿಯಮ ಮಾಡಿಕೊಳ್ಳಿ. 2018ರ ಆಗಸ್ಟ್ ನೆನಪಿದೆಯಲ್ಲ, ಗುಡ್ಡ ಕುಸಿದು ಎಷ್ಟೋ ಊರುಗಳ ದಾರಿಯೇ ಹೋಗಿತ್ತು. ಜೋರು ಮಳೆಯ ಮುನ್ಸೂಚನೆ ಬಂದರೆ ಎರಡು ಮೂರು ದಿನ ಮೊದಲೇ ಇಂಜೆಕ್ಷನ್ ಹಾಕಿಸಿ. ಮೊದಲೇ ಆದರೆ ತೊಂದರೆ ಇಲ್ಲ. ತಡವಾದರೆ ರಕ್ತದಲ್ಲಿ ಔಷಧದ ಮಟ್ಟ ಇಳಿಯುತ್ತದೆ, ಗಂಟಲು ಸೋಂಕಿಗೆ ಬಾಗಿಲು ತೆರೆಯುತ್ತದೆ.

ಈ ಇಂಜೆಕ್ಷನ್ ನೋಯುತ್ತದೆ. ಅದನ್ನು ಮಗುವಿನಿಂದ ಮುಚ್ಚಿಡಬೇಡಿ. ಮಂದವಾದ ಔಷಧ, ದಪ್ಪ ಸೂಜಿ. ಔಷಧವನ್ನು ತಣ್ಣಗೆ ಹಾಕಬಾರದು, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ನಿಧಾನಕ್ಕೆ ಒತ್ತಬೇಕು. ಚುಚ್ಚುವ ಜಾಗವನ್ನು ಮೊದಲು ಹತ್ತು ಸೆಕೆಂಡ್ ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ನೋವು ಕಡಿಮೆ. ಒಮ್ಮೆ ಎಡ, ಇನ್ನೊಮ್ಮೆ ಬಲ. ಅವತ್ತು ಆಟದ ಪೀರಿಯಡ್ ಬೇಡ, ಶಾಲೆಗೆ ಬಂದರೆ ಬೆಂಚಿನ ಮೇಲೆ ಹೇಗೆ ಬೇಕೋ ಹಾಗೆ ಕೂರಲಿ ಬಿಡಿ. ನೋವಿನ ಕಾರಣಕ್ಕೇ ಎಷ್ಟೋ ಮಕ್ಕಳು ಐದಾರು ಇಂಜೆಕ್ಷನ್ ಆದ ಮೇಲೆ ನಿಲ್ಲಿಸಿಬಿಡುತ್ತಾರೆ.

ಹಲ್ಲು ಕೀಳಿಸುವಾಗ ಅಥವಾ ಬೇರೆ ಯಾವುದೇ ಚಿಕಿತ್ಸೆಗೆ ಹೋದಾಗ ಕವಾಟದ ವಿಷಯ ಡಾಕ್ಟರಿಗೆ ಹೇಳಬೇಕು ಎಂದು ಮನೆಯವರಿಗೆ ತಿಳಿಸಿಡಿ.

8. ಉಳಿದ ಮಕ್ಕಳ ಗಂಟಲು

ಎಕೋ ಸರಿ ಬಂದ ಮಗುವಿಗೂ ಮುಂದಿನ ಮಳೆಗಾಲದಲ್ಲಿ ಈ ಕಾಯಿಲೆ ಶುರುವಾಗಬಹುದು. ಜ್ವರ, ನುಂಗಲು ನೋವು, ಕುತ್ತಿಗೆಯ ಗಂಟು ಮುಟ್ಟಿದರೆ ನೋವು, ಕೆಮ್ಮು ನೆಗಡಿ ಇಲ್ಲ. ಹೀಗಿದ್ದರೆ ಸ್ಟ್ರೆಪ್ ಇರಬಹುದು, ಡಾಕ್ಟರಿಗೆ ತೋರಿಸಿ. ಮೂಗು ಸೋರುತ್ತಾ, ಕೆಮ್ಮುತ್ತಾ ಇದ್ದರೆ ಸಾಮಾನ್ಯವಾಗಿ ವೈರಸ್. ಗಂಟಲು ನೋವು ಶುರುವಾದ 9 ದಿನದೊಳಗೆ ಸರಿಯಾದ ಆಂಟಿಬಯಾಟಿಕ್ ಸಿಕ್ಕಿದರೂ ರುಮ್ಯಾಟಿಕ್ ಜ್ವರ ತಪ್ಪಿಸಬಹುದು. ಹಾಗಾಗಿ ಎರಡು ದಿನ ತಡವಾಯಿತೆಂದು ಸುಮ್ಮನಾಗಬೇಡಿ. ಮಾತ್ರೆ ಕೊಟ್ಟರೆ 10 ದಿನ ಪೂರ್ತಿ ನುಂಗಬೇಕು. ಮೂರನೇ ದಿನಕ್ಕೆ ನೋವು ಹೋಯಿತೆಂದು ಉಳಿದದ್ದನ್ನು ತಮ್ಮನಿಗೆ ಎತ್ತಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಶಿಕ್ಷಕರು ಒಂದು ಸಲ ಕೇಳಿದರೆ ಸಾಕು, ‘ಮಾತ್ರೆ ಎಷ್ಟು ಉಳಿದಿದೆ?’ ಎಂದು.

ಆದರೂ ರುಮ್ಯಾಟಿಕ್ ಜ್ವರ ಬಂದ ಮಕ್ಕಳಲ್ಲಿ ಮೂರರಲ್ಲಿ ಒಬ್ಬರಷ್ಟು ಜನಕ್ಕೆ ಗಂಟಲು ನೋವು ಬಂದ ನೆನಪೇ ಇರುವುದಿಲ್ಲ. ಎಕೋ ಬೇಕು ಎನ್ನುವುದು ಅದಕ್ಕೂ ಸೇರಿ.

9. ಮಗು ಶಾಲೆ ಬಿಡುವಾಗ

ನಮ್ಮ ಮಕ್ಕಳು ಒಂದೇ ಕಡೆ ಇರುವುದಿಲ್ಲ. ಕುಯ್ಲು ಮುಗಿದರೆ ಕುಟುಂಬ ಬೇರೆ ತೋಟಕ್ಕೆ, ಕೆಲವರು ಗಡಿ ದಾಟಿ ವಯನಾಡಿಗೆ, ಕೆಲವರು ವಾಪಸ್ ಅಸ್ಸಾಮಿಗೆ ಹೋಗುತ್ತಾರೆ. ಟಿಸಿ ಕೊಡುವಾಗ ಅದರ ಜೊತೆ ಇಂಜೆಕ್ಷನ್ ಕಾರ್ಡಿನ ಪ್ರತಿ ಮತ್ತು ಕೊನೆಯ ಎಕೋ ವರದಿ ಪಿನ್ ಮಾಡಿ ಕೊಡಿ. ಕೊನೆಯ ಇಂಜೆಕ್ಷನ್ ತಾರೀಖು, ಮುಂದಿನ ತಾರೀಖು, ಡೋಸ್, ಈ ಮೂರನ್ನು ಅಂಕಿಯಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ. ಬೇರೆ ರಾಜ್ಯದ ನರ್ಸ್ ಓದಬೇಕಲ್ಲ. ಕುಟುಂಬ ಹೇಳದೆ ಹೊರಟುಹೋದರೆ ಆಶಾ ಕಾರ್ಯಕರ್ತೆಗೆ ಅದೇ ವಾರ ತಿಳಿಸಿ. ತೋಟದ ರೈಟರ್ ಹತ್ತಿರ ಸಾಮಾನ್ಯವಾಗಿ ಯಾವುದಾದರೂ ಒಂದು ಫೋನ್ ನಂಬರ್ ಸಿಗುತ್ತದೆ.

ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಹಾಸ್ಟೆಲ್ ಸೇರುವ ಮಕ್ಕಳ ಬಗ್ಗೆ ನನಗೆ ಹೆಚ್ಚು ಚಿಂತೆ. ಅಲ್ಲಿ ನೆನಪಿಸುವವರು ಯಾರೂ ಇಲ್ಲ. ಆದ್ದರಿಂದ ಎಂಟನೇ ತರಗತಿಯಿಂದಲೇ ಕೆಂಪು ಪೆನ್ನನ್ನು ಮಗುವಿನ ಕೈಗೆ ಕೊಡಿ. ಜನವರಿ 1ರಂದು ಹೊಸ ಕ್ಯಾಲೆಂಡರಿನಲ್ಲಿ ಮೂರು ಮೂರು ವಾರ ಎಣಿಸಿ ಎಲ್ಲ ಗುರುತನ್ನೂ ಅದೇ ಹಾಕಲಿ. ನೀವು ಪಕ್ಕದಲ್ಲಿ ಕೂತು ಎಣಿಕೆ ಸರಿ ಇದೆಯೇ ನೋಡಿ.